ಬಾಡಿಗೆ ಮನೆಯನ್ನು ಚೆಂದ ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳನ್ನು ಬರೆಯುವಾಗ ಕಣ್ಣ ಮುಂದಿದ್ದದ್ದು ಬೆಂಗಳೂರಿನ ಮಾಮೂಲಿ ಬಾಡಿಗೆ ಮನೆ. ಕೆಳಗೆ ಓನರ್, ಮೇಲೆ ಎರಡು ಪೋರ್ಷನ್, ಹಾಲಿನ ಮೂಲೆಯಲ್ಲೊಂದು ಶೋಕೇಸ್, ಅಡುಗೆಮನೆಯಲ್ಲಿ ಕಡಪ ಕಲ್ಲಿನ ಶೆಲ್ಫು, ಗೋಡೆಗೆ ಓನರ್ ಮೆಚ್ಚಿದ ಬಣ್ಣ. ಮೈಸೂರು, ಹುಬ್ಬಳ್ಳಿಯವರಿಗೂ ಬಹುಪಾಲು ಹೊಂದುತ್ತದೆ. ಕರಾವಳಿಯವರಿಗೆ ಬೇರೆಯೇ ಒಂದು ಉತ್ತರ ಕೆಳಗಿದೆ.

ನಮ್ಮದಲ್ಲದ ಮನೆಗೆ ದುಡ್ಡು ಹಾಕುವುದು ದಂಡ ಅಲ್ಲವೇ?

ಗೋಡೆಗೆ ಹಾಕಿದರೆ ದಂಡ. ಟೆಂಪೋ ಹತ್ತುವ ಸಾಮಾನಿಗೆ ಹಾಕಿದರೆ ಅಲ್ಲ. ಏನೇ ಕೊಳ್ಳುವ ಮುಂಚೆ ಇಷ್ಟು ಕೇಳಿಕೊಳ್ಳಿ: ಮನೆ ಖಾಲಿ ಮಾಡುವ ದಿನ ಇದು ಟಾಟಾ ಏಸ್ ಹತ್ತುತ್ತದೆಯೇ? ಮುಂದಿನ ಮನೆಯಲ್ಲಿ ಕೂರುತ್ತದೆಯೇ? ಪರದೆ, ಲ್ಯಾಂಪು, ಜಮಖಾನ, ಕುರ್ಚಿ, ಗಿಡ ಎಲ್ಲ ಜೊತೆಗೆ ಬರುತ್ತವೆ. ಫಾಲ್ಸ್ ಸೀಲಿಂಗು, ಟಿವಿ ಹಿಂದಿನ ಪ್ಯಾನೆಲ್ಲು, ಆ ಗೋಡೆಯ ಅಳತೆಗೇ ಮಾಡಿಸಿದ ವಾರ್ಡ್‌ರೋಬು ಬರುವುದಿಲ್ಲ.

ಕಾಗದದಲ್ಲಿ 11 ತಿಂಗಳು ಅಂತಿದ್ದರೂ ಎಷ್ಟೋ ಸಂಸಾರಗಳು ಒಂದೇ ಬಾಡಿಗೆ ಮನೆಯಲ್ಲಿ ಮೂರ್ನಾಲ್ಕು ವರ್ಷ ಕಳೆಯುತ್ತವೆ. ಅಷ್ಟೂ ಕಾಲ ಒಂದು ಟ್ಯೂಬ್‌ಲೈಟಿನ ಕೆಳಗೆ, ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ, "ಸ್ವಂತ ಮನೆ ಆದಮೇಲೆ ನೋಡೋಣ" ಅಂತ ಕಾಯುವುದು ನನಗೆ ಸರಿಕಾಣುವುದಿಲ್ಲ.

ಓನರ್ ಹತ್ತಿರ ಮೊದಲೇ ಏನೇನು ಮಾತಾಡಿಕೊಳ್ಳಬೇಕು?

ಮೂರು ವಿಷಯ. ಮೊಳೆ ಹೊಡೆಯಬಹುದೇ, ಬಣ್ಣ ಬದಲಿಸಬಹುದೇ, ಖಾಲಿ ಮಾಡುವಾಗ ಪೇಂಟಿಂಗ್ ಚಾರ್ಜ್ ಅಂತ ಎಷ್ಟು ಹಿಡಿಯುತ್ತಾರೆ. ಈ ಮೂರನೆಯದನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ. ಬೆಂಗಳೂರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿಯಾಗಿಬಿಟ್ಟಿದೆ. ಹೇಗೂ ಹಿಡಿಯುತ್ತಾರೆ ಎಂದಾದರೆ ಅದೇ ಮಾತನ್ನು ನೀವೂ ಬಳಸಿಕೊಳ್ಳಬಹುದು: "ಅಂಕಲ್, ಪೇಂಟಿಂಗ್‌ಗೆ ಹೇಗೂ ಹಿಡಿಯುತ್ತೀರಲ್ಲ, ಹಾಲಿನಲ್ಲಿ ನಾಲ್ಕು ಮೊಳೆ ಹೊಡೆದುಕೊಳ್ಳಲಾ?" ಇಷ್ಟಕ್ಕೆ ಬೇಡ ಎನ್ನುವವರು ಕಡಿಮೆ. ಅವರು ಹೂಂ ಅಂದಿದ್ದನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆದು ಕಳಿಸಿ, ದಾಖಲೆಗೆ ಅಷ್ಟು ಇರಲಿ.

ಕಾನೂನನ್ನೂ ಸ್ವಲ್ಪ ತಿಳಿದಿರುವುದು ಒಳ್ಳೆಯದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬಾಡಿಗೆದಾರ ತಾನು ಜೋಡಿಸಿಕೊಂಡದ್ದನ್ನು ಮನೆ ತನ್ನ ವಶದಲ್ಲಿರುವಾಗ ಬಿಚ್ಚಿಕೊಂಡು ಹೋಗಬಹುದು. ಆದರೆ ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಿಡಬೇಕು. ಸಹಜವಾಗಿ ಬಳಸಿ ಸವೆದದ್ದು ಅವನ ತಪ್ಪಲ್ಲ. ಓನರ್ ಒಪ್ಪಿಗೆಯಿಲ್ಲದೆ ಶಾಶ್ವತವಾದ ಕಟ್ಟಡ ಎಬ್ಬಿಸುವ ಹಾಗಿಲ್ಲ. ಇದೆಲ್ಲ ಕರಾರಿನಲ್ಲಿ ಬೇರೆ ಮಾತು ಬರೆದಿಲ್ಲದಿದ್ದರೆ, ಊರಿನ ರೂಢಿ ಬೇರೆ ಇಲ್ಲದಿದ್ದರೆ ಮಾತ್ರ. ಆದ್ದರಿಂದ ಅಗ್ರಿಮೆಂಟನ್ನು ಪೂರ್ತಿ ಓದಿ ಸಹಿ ಹಾಕಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎಂದಿದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ ಅಷ್ಟೇ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಳೆದ ಊರಿನಲ್ಲಿ ಅದನ್ನು ಹೇಳಿದರೆ ನಕ್ಕಾರು.

ಕೀ ಸಿಕ್ಕಿದ ದಿನ, ಸಾಮಾನು ಇಳಿಸುವ ಮುಂಚೆ, ಪ್ರತಿ ಗೋಡೆ, ಪ್ರತಿ ನಲ್ಲಿ, ಬಾಗಿಲಿನ ಹಿಂಬದಿಯ ಫೋಟೋ ತೆಗೆದು ಓನರ್‌ಗೇ ಕಳಿಸಿ. ಅಲಂಕಾರಕ್ಕೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. ಹಿಂದಿನವರು ಹೊಡೆದ ಹದಿನೈದು ಮೊಳೆ ನಿಮ್ಮ ಲೆಕ್ಕಕ್ಕೆ ಬೀಳದಿರುವುದೂ ಬಜೆಟ್ಟೇ.

ಕೈಯಲ್ಲಿ 10,000 ರೂಪಾಯಿ ಇದೆ. ಎಲ್ಲಿಂದ ಶುರು ಮಾಡಲಿ?

ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಸಂಜೆ ಕಾಫಿ ಹಿಡಿದು ನೀವು ನಿಜವಾಗಿ ಎಲ್ಲಿ ಕೂರುತ್ತೀರಿ, ಎದುರು ಮನೆಯವರಿಗೆ ನಿಮ್ಮ ಮನೆಯ ಯಾವ ಭಾಗ ಕಾಣುತ್ತದೆ, ಇವು ವಾಸ ಮಾಡಿದ ಮೇಲೇ ಗೊತ್ತಾಗುವುದು.

ಆಮೇಲೆ ನನ್ನ ಹಂಚಿಕೆ ಹೀಗೆ: ಪರದೆಗೆ 3,500, ಬಲ್ಬು ಮತ್ತು ಒಂದು ಲ್ಯಾಂಪಿಗೆ 2,000, ಹಳೆಯದೊಂದು ಒಳ್ಳೆ ಕುರ್ಚಿಗೋ ಮೇಜಿಗೋ 2,000, ನೆಲಕ್ಕೆ ಹಾಸುವ ಚಾಪೆಗೋ ಜಮಖಾನಕ್ಕೋ 1,500, ಗಿಡ, ಕುಂಡಕ್ಕೆ 500. ಉಳಿದ 500 ಆಟೋಕ್ಕೆ, ಟೈಲರ್‌ಗೆ ಹೋಗುತ್ತದೆ. ಗೋಡೆಗೆ ಒಂದು ಪೈಸೆಯೂ ಇಲ್ಲ ಎನ್ನುವುದನ್ನು ಗಮನಿಸಿ. ಬೆಳಕು ಮತ್ತು ಬಟ್ಟೆ ಸರಿಯಾದರೆ ಮನೆಯ ಮುಕ್ಕಾಲು ಪಾಲು ಬದಲಾಯಿತು.

ಬೆಳಕಿಗೆ ಅಷ್ಟೇಕೆ ಮಹತ್ವ? ಟ್ಯೂಬ್‌ಲೈಟ್ ಚೆನ್ನಾಗಿಯೇ ಉರಿಯುತ್ತದಲ್ಲ?

ಉರಿಯುತ್ತದೆ, ಅದೇ ತೊಂದರೆ. ಚಾವಣಿ ಹತ್ತಿರದ ಬಿಳಿ ಟ್ಯೂಬು ಇಡೀ ಕೋಣೆಗೆ ಒಂದೇ ಸಮ ಬೆಳಕು ಚೆಲ್ಲುತ್ತದೆ. ಗೋಡೆಯ ಕಲೆ, ವೈರಿನ ಪಟ್ಟಿ, ಮೂಲೆಯ ಬಕೆಟ್ಟು ಎಲ್ಲ ಸೋಫಾದಷ್ಟೇ ಢಾಳಾಗಿ ಕಾಣುತ್ತವೆ. ಎರಡು ಮೂರು ಕಡೆ, ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಹಳದಿ ಛಾಯೆಯ ಸಣ್ಣ ಬೆಳಕು ಇಟ್ಟರೆ ನೋಡಬೇಕಾದ್ದು ಮಾತ್ರ ಕಾಣುತ್ತದೆ.

ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಲೆಕ್ಕ ಇರುತ್ತದೆ. 6500 ಅಂದರೆ ಆಸ್ಪತ್ರೆಯ ಬಿಳಿ. 2700ರಿಂದ 3000 ಅಂದರೆ ಹಳೇ ಬಲ್ಬಿನ ಹಳದಿ. ಹಾಲಿಗೂ ಮಲಗುವ ಕೋಣೆಗೂ ಎರಡನೆಯದು ತನ್ನಿ, ಲ್ಯಾಂಪಿಗೆ 7 ಅಥವಾ 9 ವ್ಯಾಟ್ ಸಾಕು. ಅಡುಗೆಮನೆ, ಮಕ್ಕಳು ಓದುವ ಮೇಜು ಇವೆರಡರಲ್ಲಿ ಬಿಳಿ ಬೆಳಕೇ ಇರಲಿ. ಹಳದಿ ಬೆಳಕಿನಲ್ಲಿ ಅಕ್ಕಿ ಆರಿಸುವುದು ಯಾರಿಗೂ ಬೇಡ.

ಎಸ್.ಪಿ. ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಹೋಲ್ಡರು, ವೈರು, ಸ್ವಿಚ್ಚು, ಪ್ಲಗ್ಗು ಬಿಡಿಬಿಡಿಯಾಗಿ ಸಿಗುತ್ತವೆ. ಶಿವಾಜಿನಗರದ ಹತ್ತಿರದ ಬ್ಯಾಂಬೂ ಬಜಾರಿನಿಂದ ಒಂದು ಬಿದಿರಿನ ಬುಟ್ಟಿ ತಂದು, ತಳದಲ್ಲಿ ತೂತು ಮಾಡಿಸಿ, ಬೋರಲು ಹಾಕಿ ಹೋಲ್ಡರ್ ಇಳಿಬಿಟ್ಟರೆ ತೂಗುದೀಪ ಸಿದ್ಧ. ಗೋಡೆಯ ಮೇಲೆ ನೆಯ್ಗೆಯ ನೆರಳು ಬೀಳುತ್ತದೆ, ಅದಕ್ಕೆ ಬೇರೆ ಅಲಂಕಾರ ಬೇಕಿಲ್ಲ. ಎಲ್‌ಇಡಿ ಬಲ್ಬೇ ಹಾಕಿ, ಹಳೇ ಫಿಲಮೆಂಟ್ ಬಲ್ಬಿನ ಕಾವಿಗೆ ಬಿದಿರು ತಡೆಯುವುದಿಲ್ಲ. ವೈರಿಂಗ್ ಕೈಗೆ ಬಾರದವರು ಬೀದಿಯ ಎಲೆಕ್ಟ್ರಿಶಿಯನ್‌ನಿಂದ ಮಾಡಿಸಿ.

ಓನರ್ ಹಾಕಿಸಿದ ಫಿಟ್ಟಿಂಗ್ ಏನನ್ನೇ ಬಿಚ್ಚಿದರೂ ಅಟ್ಟದ ಮೇಲಿಡಿ, ಹೋಗುವಾಗ ಮರಳಿ ಹಾಕಬೇಕು. ಫ್ಯಾನಿಗೂ ಅದೇ ಮಾತು. ಹಳೇ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ, ಕರೆಂಟು ಉಳಿಸುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಹದಿಮೂರು ಯೂನಿಟ್ಟಿನಷ್ಟು ಉಳಿತಾಯ. ಜೊತೆಗೆ ಒಯ್ಯಬಹುದಾದ್ದರಿಂದ ಬಾಡಿಗೆದಾರನಿಗೂ ಲಾಭವೇ.

ಪರದೆ ಕೊಳ್ಳುವಾಗ ಏನು ನೋಡಬೇಕು?

ರೆಡಿಮೇಡ್ ಪರದೆಗಳು 5 ಅಡಿ, 7 ಅಡಿ, 9 ಅಡಿ ಉದ್ದದಲ್ಲಿ ಬರುತ್ತವೆ. 5 ಅಡಿಯದು ಕಿಟಕಿಗೆ, 7 ಅಡಿಯದು ಬಾಗಿಲಿಗೆ ಅಂತ ಅಂಗಡಿಯವರು ಹೇಳುತ್ತಾರೆ. ನನ್ನ ಕೇಳಿದರೆ ಹಾಲಿನ ಕಿಟಕಿಗೂ 7 ಅಡಿಯದೇ ತನ್ನಿ. ಚೌಕಟ್ಟಿಗಿಂತ ಅರ್ಧ ಅಡಿ ಮೇಲಿನಿಂದ ಹೊರಟು ನೆಲದ ಹತ್ತಿರ ಮುಟ್ಟುವ ಪರದೆ ಗಿಡ್ಡ ಕೋಣೆಯನ್ನೂ ಎತ್ತರ ಮಾಡಿ ತೋರಿಸುತ್ತದೆ. ಕಿಟಕಿಯ ಹಲಗೆಗೆ ಬಂದು ನಿಲ್ಲುವ ಪರದೆ ಮೊಣಕಾಲು ಕಾಣುವ ಪಂಚೆಯಂತೆ, ಎಷ್ಟು ಬೆಲೆ ಬಾಳಿದರೂ ಅಷ್ಟೇ. ಮುಂದಿನ ಮನೆಯ ಕಿಟಕಿ ಯಾವ ಅಳತೆಯದಾದರೂ ಉದ್ದದ್ದನ್ನು ಮಡಚಿ ಹೊಲಿಯಬಹುದು, ಗಿಡ್ಡದ್ದನ್ನು ಎಳೆದು ಬೆಳೆಸಲಾಗದು.

ಇನ್ನು ಸೀರೆ. ಅಮ್ಮನ ಬೀರುವಿನಲ್ಲಿ ಉಡದೆ ಮಡಚಿಟ್ಟ ಇಳಕಲ್ ಸೀರೆ ಇದ್ದೇ ಇರುತ್ತದೆ. ಸೀರೆಯ ಉದ್ದ ಸುಮಾರು ಐದೂವರೆ ಮೀಟರ್, ಅಂದರೆ 18 ಅಡಿ. ಪನ್ನ 45 ಇಂಚಿನ ಆಸುಪಾಸು, ಒಂದು ಪರದೆಯ ಅಗಲಕ್ಕೆ ಹತ್ತಿರ ಹತ್ತಿರ ಸರಿ. ಮಡಿಕೆ ಸೇರಿ ಏಳೂವರೆ ಅಡಿಯ ಎರಡು ತುಂಡು ಕತ್ತರಿಸಿದರೆ ಒಂದು ಜೋಡಿ ಪರದೆ. ಉಳಿದ ಮೂರು ಅಡಿಯಲ್ಲಿ 16 ಇಂಚಿನ ಎರಡು ದಿಂಬಿನ ಕವರು. ಅಂಚು ಉದ್ದಕ್ಕೆ ಇಳಿದು ಬರುವುದರಿಂದ ಬೇರೆ ಲೇಸು, ಬಾರ್ಡರು ಏನೂ ಬೇಡ. ಒಂದೇ ಎಚ್ಚರಿಕೆ, ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ. ಹಿಂದೆ ತಿಳಿ ಬಣ್ಣದ ಅಗ್ಗದ ಕಾಟನ್ ಲೈನಿಂಗ್ ಕೊಡಿಸಿ. ಕತ್ತರಿ ಹಾಕುವ ಮುಂಚೆ ಅಮ್ಮನನ್ನು ಕೇಳುವುದು ಇನ್ನೂ ದೊಡ್ಡ ಎಚ್ಚರಿಕೆ.

ಗುಳೇದಗುಡ್ಡದ ಖಣದ ಬಟ್ಟೆ ದಿಂಬಿನ ಕವರಿಗೆ, ಮೇಜಿನ ಮಧ್ಯದ ಪಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಇಡೀ ಪರದೆಯನ್ನೇ ಖಣದಲ್ಲಿ ಹೊಲಿಸಿದರೆ ಕಣ್ಣಿಗೆ ಜಾಸ್ತಿಯಾಯಿತು ಅನ್ನಿಸುತ್ತದೆ.

ಮೊಳೆ ಹೊಡೆಯಲೇಬಾರದು ಅಂದಿದ್ದಾರೆ. ಫೋಟೋ, ಕನ್ನಡಿ ಎಲ್ಲಿ ನೇತುಹಾಕಲಿ?

ಮೊದಲು ಮನೆಯನ್ನು ಒಂದು ಸುತ್ತು ನೋಡಿ. ಹಿಂದಿನವರ ಕ್ಯಾಲೆಂಡರಿನ ಮೊಳೆ, ಗಡಿಯಾರದ ಮೊಳೆ ಹೇಗೂ ಇರುತ್ತವೆ. ಅವು ಇರುವ ಜಾಗಕ್ಕೆ ನಿಮ್ಮ ಚಿತ್ರಗಳನ್ನು ಹೊಂದಿಸಿಕೊಳ್ಳಿ.

ಅಂಟುವ ಹುಕ್ಕು ತರುವ ಮುಂಚೆ ಒದ್ದೆ ಅಂಗೈಯಿಂದ ಗೋಡೆಯನ್ನು ಒಮ್ಮೆ ಉಜ್ಜಿ. ಕೈಗೆ ಬಣ್ಣದ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಅದರ ಮೇಲೆ ಯಾವ ಕಂಪನಿಯ ಹುಕ್ಕೂ ನಿಲ್ಲುವುದಿಲ್ಲ, ನಿಂತರೂ ಒಂದು ದಿನ ಪದರದ ಸಮೇತ ಕಿತ್ತುಕೊಂಡು ಬೀಳುತ್ತದೆ. ಪುಡಿ ಬರದಿದ್ದರೆ ಎಮಲ್ಷನ್, ಹಗುರ ಫ್ರೇಮುಗಳನ್ನು ಧೈರ್ಯವಾಗಿ ಅಂಟಿಸಬಹುದು. ತೆಗೆಯುವಾಗ ಹುಕ್ಕಿನ ಹಿಂದಿನ ಅಂಟುಪಟ್ಟಿಯನ್ನು ಮುಂದಕ್ಕೆ ಎಳೆಯದೆ ಗೋಡೆಗುಂಟ ಕೆಳಗೆ ನಿಧಾನವಾಗಿ ಎಳೆಯಿರಿ. ಗಟ್ಟಿ ಹಿಡಿದಿದ್ದರೆ ಹೇರ್ ಡ್ರೈಯರ್ ಬಿಸಿ ತೋರಿಸಿ.

ಭಾರದ ಕನ್ನಡಿಯನ್ನು ಅಂಟಿನ ಮೇಲೆ ನಂಬಬೇಡಿ. ಶೋಕೇಸಿನ ಮೇಲೋ ನೆಲದ ಮೇಲೋ ಗೋಡೆಗೆ ಒರಗಿಸಿಡಿ, ಕೆಳಗೆ ಜಾರದ ಹಾಗೆ ರಬ್ಬರ್ ಮ್ಯಾಟಿನ ತುಂಡು ಕೊಡಿ. ಮಕ್ಕಳಿರುವ ಮನೆಯಲ್ಲಿ ಇದೂ ಬೇಡ, ಬೀರುವಿನ ಬಾಗಿಲಿನ ಕನ್ನಡಿಯೇ ಸಾಕು.

ಗೋಡೆ ಗಿಳಿಹಸಿರು ಬಣ್ಣದ್ದು. ಬೇರೆ ಬಳಿಸಬೇಕೇ?

ಓನರ್ ಒಪ್ಪಿ, ಖರ್ಚಿನಲ್ಲಿ ಪಾಲು ಕೊಟ್ಟರೆ ಬಳಿಸಿ. ಇಲ್ಲದಿದ್ದರೆ ಆ ಬಣ್ಣದೊಂದಿಗೆ ಜಗಳ ಬೇಡ. ಗಿಳಿಹಸಿರಿನ ಎದುರು ಕೆಂಪು, ನೀಲಿ, ನೇರಳೆ ಏನನ್ನಿಟ್ಟರೂ ಕೂಗಾಟವಾಗುತ್ತದೆ. ಬಿಳಿ, ಗೋಣಿಯ ಬಣ್ಣ, ಮರದ ಕಂದು, ಸ್ವಲ್ಪ ಅರಿಶಿನ ಇಷ್ಟರಲ್ಲೇ ಉಳಿದ ಮನೆಯನ್ನೆಲ್ಲ ಇಟ್ಟುಕೊಳ್ಳಿ. ಗೋಡೆ ತಾನಾಗಿಯೇ ಹಿಂದೆ ಸರಿಯುತ್ತದೆ. ತಿಳಿ ಗುಲಾಬಿ ಗೋಡೆಗೂ ಇದೇ ಮದ್ದು. ಹಳದಿ ಬಲ್ಬಿನಲ್ಲಿ ಇವೆರಡೂ ಎಷ್ಟೋ ಮೆತ್ತಗಾಗುತ್ತವೆ.

ಅಂಟಿಸುವ ವಾಲ್‌ಪೇಪರ್ ಹೇಗೆ?

ಬೇಡ. ಡಿಸ್ಟೆಂಪರ್ ಮೇಲೆ ಸುಲಿಯುತ್ತದೆ, ತೇವದ ಗೋಡೆಯ ಮೇಲೆ ಉಬ್ಬುತ್ತದೆ, ಕಿತ್ತರೆ ಬಣ್ಣವೂ ಬರುತ್ತದೆ. ಬೀರುವಿನ ಬಾಗಿಲು, ಫ್ರಿಜ್ಜು, ಮೇಜಿನ ಮೇಲ್ಮೈ ಇಂಥ ನುಣುಪು ಜಾಗಕ್ಕೆ ಬೇಕಿದ್ದರೆ ಬಳಸಿ.

ನೆಲದ ಟೈಲ್ಸ್ ಹಳೆಯದು, ಕಲೆಯಾಗಿದೆ. ಏನು ಮಾಡಲಿ?

ಕೆಂಪು ಗಾರೆ ನೆಲವೋ ಮೊಸಾಯಿಕ್ಕೋ ಆಗಿದ್ದರೆ ದಯವಿಟ್ಟು ಮುಚ್ಚಬೇಡಿ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಇನ್ನೂ ಉಳಿದಿರುವ ಆ ಕೆಂಪು ನೆಲವನ್ನು ಇವತ್ತು ಹೊಸದಾಗಿ ಮಾಡಿಸಲು ಜನ ಕೆಲಸಗಾರರನ್ನು ಹುಡುಕಿಕೊಂಡು ಅಲೆಯುತ್ತಾರೆ. ಒರೆಸಿ, ಮೂಲೆಯಲ್ಲೊಂದು ರಂಗೋಲಿ ಹಾಕಿದರೆ ಮುಗಿಯಿತು.

ಕಲೆಯಾದ ಸೆರಾಮಿಕ್ ಟೈಲ್ಸ್‌ಗೆ ಹಾಸು ಬೇಕು. ಹುಲ್ಲಿನ ಚಾಪೆ ಎಲ್ಲಕ್ಕಿಂತ ಅಗ್ಗ. ಅಜ್ಜಿ ಹೊಲಿದ ಕೌದಿ ಮನೆಯಲ್ಲಿದ್ದರೆ ದಿವಾನ್ ಮೇಲೆ ಹೊದಿಸಿ, ನೆಲಕ್ಕೆ ಹಾಕಿ ತುಳಿಯುವುದು ಬೇಡ. ಸ್ವಲ್ಪ ಹೆಚ್ಚು ಹಣವಿದ್ದರೆ ನವಲಗುಂದದ ಜಮಖಾನ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವ ಈ ಜಮಖಾನಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ. ಅಗ್ಗವಲ್ಲ, ಆದರೆ ಸುತ್ತಿಕೊಂಡು ಹೋಗಬಹುದು. ಮೀಟರ್ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ನೆಲಹಾಸನ್ನು ಮಾತ್ರ ಗೋಂದು ಹಾಕಿ ಕೂರಿಸಬೇಡಿ. ಆ ಗೋಂದಿನ ಕಲೆ ತೆಗೆಯುವ ಕೂಲಿ ಹಾಸಿನ ಬೆಲೆಯನ್ನೇ ಮೀರೀತು.

ಪೀಠೋಪಕರಣ ಹೊಸದೋ, ಹಳೆಯದೋ, ಬಾಡಿಗೆಗೋ?

ಹಳೆಯದು, ಗಟ್ಟಿ ಮರದ್ದು. ಹೊಟ್ಟು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಮಂಚ, ಬೀರು ಹೊಸದಾಗಿ ಚೆಂದವೇ. ಎರಡು ಸಲ ಬಿಚ್ಚಿ ಜೋಡಿಸುವಷ್ಟರಲ್ಲಿ ಸ್ಕ್ರೂ ಹಿಡಿಯುವ ತೂತು ಸಡಿಲವಾಗುತ್ತದೆ, ನೆಲ ಒರೆಸಿದ ನೀರು ತಾಗಿದರೆ ಕಾಲು ಊದಿಕೊಳ್ಳುತ್ತದೆ. ಮನೆ ಬದಲಿಸುತ್ತಲೇ ಇರುವವರಿಗೆ ಅದು ಸಲ್ಲದು. ಸಾಗುವಾನಿಯ ಹಳೇ ಕುರ್ಚಿಯನ್ನು ಉಜ್ಜಿ ಪಾಲಿಷ್ ಮಾಡಿಸಿದರೆ ನಿಮ್ಮ ಮಕ್ಕಳೂ ಕೂರುತ್ತಾರೆ.

ಎಲ್ಲಿ ಸಿಗುತ್ತದೆ? ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳು, ಓಎಲ್‌ಎಕ್ಸ್, ಎಲ್ಲಕ್ಕಿಂತ ಮೇಲಾಗಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು. ಊರು ಬಿಡುವವರು ತಿಂಗಳ ಕೊನೆಯ ವಾರ ಸಿಕ್ಕ ಬೆಲೆಗೆ ಕೊಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ, ಶಾಲೆಗೆ ರಜೆ ಬಂದು ವರ್ಗಾವಣೆಯಾಗುವ ಹೊತ್ತಿಗೆ ಇನ್ನೂ ಹೆಚ್ಚು ಸಿಗುತ್ತದೆ. ಆದರೆ ತಿಗಣೆ! ಹಳೇ ಮಂಚದ ಸಂದು, ಸೋಫಾದ ಹೊಲಿಗೆಯೊಳಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಕಪ್ಪು ಚುಕ್ಕೆ ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ಬಟ್ಟೆ ಹೊದಿಸಿದ ಹಳೇ ಸೋಫಾವನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಬರೀ ಮರ, ಬೆತ್ತ, ಕಬ್ಬಿಣ ಸಾಕು, ಮೆತ್ತೆ ಹೊಸದು ಹೊಲಿಸಿ.

ನಾಗಸಂದ್ರದಲ್ಲಿ 2022ರಲ್ಲಿ ತೆರೆದ ಐಕಿಯಾಗೆ ಹೋಗುವವರು ಕಾರು ಬಿಟ್ಟು ಮೆಟ್ರೋದಲ್ಲಿ ಹೋಗಿ. ಕೈಯಲ್ಲಿ ಹಿಡಿದು ತರುವಷ್ಟೇ ಕೊಳ್ಳುತ್ತೀರಿ.

ಬಾಡಿಗೆಗೆ ತರುವುದಾದರೆ ತಿಂಗಳ ದರವನ್ನು ನೀವು ಇರುವ ತಿಂಗಳಿಗೆ ಗುಣಿಸಿ ನೋಡಿ. ಒಂದು ವರ್ಷದೊಳಗೆ ಊರು ಬಿಡುವುದು ಖಚಿತ ಅನ್ನುವವರಿಗೆ ಲೆಕ್ಕ ಕೂಡುತ್ತದೆ, ಉಳಿದವರಿಗೆ ಕೂಡುವುದು ಅಪರೂಪ.

ಅಡುಗೆಮನೆಗೆ ಬಾಗಿಲಿಲ್ಲದ ಕಲ್ಲಿನ ಶೆಲ್ಫು. ಮಾಡ್ಯುಲರ್ ಮಾಡಿಸುವಷ್ಟು ದುಡ್ಡಿಲ್ಲ.

ಮಾಡಿಸಲೂಬೇಡಿ, ಅದು ಓನರ್‌ಗೆ ಕೊಡುವ ಉಡುಗೊರೆ. ಕಟ್ಟೆಯ ಕೆಳಗಿನ ಭಾಗಕ್ಕೆ ಸ್ಪ್ರಿಂಗ್ ವೈರು ಎಳೆದು ಕಾಟನ್ ಬಟ್ಟೆಯ ಗಿಡ್ಡ ಪರದೆ ಹಾಕಿ. ಸಿಲಿಂಡರು, ಬಕೆಟ್ಟು, ಈರುಳ್ಳಿ ಬುಟ್ಟಿ ಮರೆಯಾಗುತ್ತವೆ. ಒಲೆಯ ನೇರ ಕೆಳಗೆ ಮಾತ್ರ ಬಟ್ಟೆ ಬೇಡ. ಮೇಲಿನ ಶೆಲ್ಫನ್ನು ಮುಚ್ಚದೆ ಹಾಗೇ ಬಿಟ್ಟು ಒಂದೇ ಥರದ ಡಬ್ಬ ಜೋಡಿಸಿ. ಹಳೇ ಸ್ಟೀಲ್ ಡಬ್ಬಗಳ ಸಾಲು ಕಪ್ಪು ಕಡಪ ಕಲ್ಲಿನ ಮೇಲೆ ಎಷ್ಟು ಚೆಂದ ಕಾಣುತ್ತದೆ ಎಂದರೆ ಗಾಜಿನ ಜಾಡಿಗಳ ಖರ್ಚೇ ಬೇಡ. ಹಾರ್ಲಿಕ್ಸ್ ಬಾಟಲಿಗಳ ಸಾಲಿಗೂ ನನ್ನ ಆಕ್ಷೇಪವಿಲ್ಲ, ಲೇಬಲ್ ನೆನೆಸಿ ಕೀಳಿ ಅಷ್ಟೇ.

ಒಂದೇ ಕೋಣೆಯ ಮನೆ. ಮಲಗುವ ಜಾಗ ಬೇರೆ ಅನ್ನಿಸಬೇಕು.

ಎದೆಯೆತ್ತರದ ತೆರೆದ ರ‍್ಯಾಕು ಅಡ್ಡ ಇಡಿ. ಬೆಳಕು ಗಾಳಿ ಆಡುತ್ತದೆ, ಎರಡೂ ಕಡೆಯಿಂದ ಸಾಮಾನು ಇಡಬಹುದು. ಬಿದಿರಿನ ತಟ್ಟಿಯೂ ಆಗುತ್ತದೆ. ಮಂಚದ ಬದಲು ದಿವಾನ್ ಇದ್ದರೆ ಹಗಲಲ್ಲಿ ಅದೇ ಸೋಫಾ. ಅಜ್ಜನ ಕಾಲದ ಕಬ್ಬಿಣದ ಟ್ರಂಕಿಗೆ ಬಣ್ಣ ಬಳಿದರೆ ಟೀಪಾಯಿಯೂ ಆಯಿತು, ಚಳಿಗಾಲದ ಹೊದಿಕೆಗೆ ಜಾಗವೂ ಆಯಿತು.

ಗಿಡಗಳು?

ಲಾಲ್‌ಬಾಗಿನ ನರ್ಸರಿ, ಇಲ್ಲವೇ ಪಕ್ಕದ ಸಿದ್ದಾಪುರದ ಸಾಲು ನರ್ಸರಿಗಳು. ಬಿಸಿಲು ಬಾರದ ಮನೆಗೆ ಸ್ನೇಕ್ ಪ್ಲಾಂಟ್, ಜೀಜೀ, ಮನಿ ಪ್ಲಾಂಟ್. ಬಾಲ್ಕನಿಗೆ ನಾಲ್ಕು ಗಂಟೆಯಾದರೂ ಬಿಸಿಲು ಬಂದರೆ ತುಳಸಿ, ದೊಡ್ಡಪತ್ರೆ, ದಾಸವಾಳ. ಹತ್ತು ಚಿಕ್ಕ ಕುಂಡಕ್ಕಿಂತ ಹಾಲಿನ ಮೂಲೆಯಲ್ಲಿ ಒಂದು ದೊಡ್ಡ ಅರೆಕಾ ಪಾಮ್ ಮನೆಗೆ ಕಳೆ ತರುತ್ತದೆ. ಬಾಟಲಿ ನೀರಿನಲ್ಲಿ ಬೆಳೆಸುವುದಾದರೆ ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸಿ, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದೇ ಅಂಥ ನಿಂತ ನೀರಿನಲ್ಲಿ. ಕುಂಡದ ಕೆಳಗೆ ತಟ್ಟೆ ಇರಲಿ. ಕೆಳಗಿನ ಮನೆಯವರ ಒಣಗಲು ಹಾಕಿದ ಬಟ್ಟೆಯ ಮೇಲೆ ಕೆಸರು ನೀರು ಬಿದ್ದರೆ ಯಾವ ಗಿಡವೂ ನಿಮ್ಮನ್ನು ಕಾಪಾಡದು.

ನಮ್ಮದು ಮಂಗಳೂರು. ಮಳೆಗಾಲದಲ್ಲಿ ಎಲ್ಲಕ್ಕೂ ಬೂಷ್ಟು. ಇಲ್ಲಿಗೆ ಏನು ಹೊಂದುತ್ತದೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಏನೂ ಅಂಟದಂತೆ ನೋಡಿಕೊಳ್ಳುವುದೇ ಅಲ್ಲಿ ಅರ್ಧ ಅಲಂಕಾರ. ಬೀರು, ಸೋಫಾವನ್ನು ಗೋಡೆಯಿಂದ ಮೂರ್ನಾಲ್ಕು ಇಂಚು ದೂರವಿಡಿ. ಫ್ರೇಮುಗಳ ಹಿಂದೆ ನಾಲ್ಕು ಮೂಲೆಗೂ ಬಾಟಲಿಯ ಬಿರಡೆಯ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ದಪ್ಪ ಪರದೆ, ಫೋಮ್ ಸೋಫಾ, ಚರ್ಮದ ವಸ್ತು ಬೇಡ. ತೆಳು ಕಾಟನ್, ಬೆತ್ತ, ಮಣ್ಣಿನ ಪಾತ್ರೆ, ಹಿತ್ತಾಳೆ ಇವು ಆ ಹವೆಗೆ ಒಗ್ಗುತ್ತವೆ. ಜಮಖಾನ, ಕೌದಿಗಳನ್ನು ಮೇ ಬಿಸಿಲಿಗೆ ಹಾಕಿ ಒಣಗಿಸಿ, ಸುತ್ತಿ, ಮಳೆ ಮುಗಿಯುವವರೆಗೆ ಮೇಲಿಟ್ಟುಬಿಡಿ. ಬರಿನೆಲವೇ ಆಗ ಹಿತ.

ಖಾಲಿ ಮಾಡುವಾಗ ಅಡ್ವಾನ್ಸ್ ಪೂರ್ತಿ ಬರಲು ಏನೇನು ಸರಿಪಡಿಸಬೇಕು?

ಒಂದು ವಾರ ಮುಂಚೆ ಶುರು ಮಾಡಿ. ಮೊಳೆ ಕೀಳುವಾಗ ಗೋಡೆಗೆ ಮರದ ತುಂಡು ಆನಿಸಿ ಕೀಳಿ, ಗಾರೆ ಉದುರುವುದಿಲ್ಲ. ತೂತಿಗೆ ವಾಲ್ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ. ಟೂತ್‌ಪೇಸ್ಟ್ ತುಂಬುವ ಉಪಾಯ ಎಲ್ಲರಿಗೂ ಗೊತ್ತು, ಓನರ್‌ಗಳಿಗೂ ಗೊತ್ತು. ಬಿಳಿಯಲ್ಲದ ಗೋಡೆಯಾದರೆ ಬಣ್ಣದ ಶೇಡ್ ನಂಬರನ್ನು ಓನರ್‌ನ ಪೇಂಟರ್ ಹತ್ತಿರ ಕೇಳಿ, ಚಿಕ್ಕ ಡಬ್ಬ ತಂದು ಮುಟ್ಟಿಸಿ. ಹಳೇ ಫ್ಯಾನು, ಟ್ಯೂಬು, ಪರದೆಯ ರಾಡು ಇದ್ದಲ್ಲಿಗೆ ಮರಳಲಿ. ನೀವು ಬಿಟ್ಟುಹೋಗಲು ಒಪ್ಪುವ ವಸ್ತು ಏನಾದರೂ ಇದ್ದರೆ, ಉದಾಹರಣೆಗೆ ಹೊಸ ನಲ್ಲಿ, ಕಿಟಕಿಯ ಸೊಳ್ಳೆಪರದೆ, ಅದರ ಬಿಲ್ ತೋರಿಸಿ ಪೇಂಟಿಂಗ್ ಚಾರ್ಜಿನಲ್ಲಿ ವಜಾ ಮಾಡಲು ಕೇಳಿ. ಆಮೇಲೆ ಮೊದಲ ದಿನದ ಫೋಟೋಗಳನ್ನು ತೆರೆದಿಟ್ಟುಕೊಂಡು, ಓನರ್ ಜೊತೆಗೇ ಕೋಣೆ ಕೋಣೆ ಸುತ್ತಿ ನೋಡಿ. ಲೆಕ್ಕ ಅಲ್ಲೇ ಮಾತಾಡಿ, ಕೀ ಕೊಡುವುದು ಅದಾದ ಮೇಲೆ.